ಮಂಡಿ ಒತ್ತಿದರೆ ಸರಿಯುವ ತಂತಿ

ಬೆಳಿಗ್ಗೆ ಎಂಟೂವರೆಗೆ ಬೊಮ್ಮನಹಳ್ಳಿ ಸಿಗ್ನಲ್ಲಿನ ಹತ್ತಿರ ಐದು ನಿಮಿಷ ನಿಂತರೆ ಇಡೀ ಬೆಂಗಳೂರು ಕೆಲಸಕ್ಕೆ ಹೊರಟ ಹಾಗೆ ಕಾಣುತ್ತದೆ. ಕಂಬಗಳ ಮೇಲೆ ಹಳದಿ ಮಾರ್ಗದ ಮೆಟ್ರೊ ಬೊಮ್ಮಸಂದ್ರದ ಕಡೆಗೆ ಸಾಗುತ್ತಿರುತ್ತದೆ. 2010ರ ಜನವರಿಯಲ್ಲಿ ತೆರೆದ ಮೇಲ್ಸೇತುವೆಯನ್ನೇರಿದ ಕಾರುಗಳು ನೆಲ ಮುಟ್ಟದೆ ಎಲೆಕ್ಟ್ರಾನಿಕ್ ಸಿಟಿ ಸೇರುತ್ತವೆ. ಇವೆರಡರ ನೆರಳಿನಲ್ಲಿ, ಹೊಸೂರು ರಸ್ತೆಯ ಅಂಚಿಗೆ, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾಲುಸಾಲಾಗಿ ನಡೆಯುತ್ತಾರೆ. ಕೈಯಲ್ಲಿ ಟಿಫನ್ ಬ್ಯಾಗು, ಕೊರಳಲ್ಲಿ ಕಂಪನಿಯ ಕಾರ್ಡು, ಜಡೆಯಲ್ಲಿ ಒಂದು ಮೊಳ ಕಾಕಡ. ಯಾರೂ ನಿಂತು ಮಾತಾಡುವುದಿಲ್ಲ. ಹೆಜ್ಜೆ ಹಾಕುತ್ತಲೇ ಮಾತು, ಹೆಜ್ಜೆ ಹಾಕುತ್ತಲೇ ನಗು. ಗೇಟು ಹಾಕುವುದರೊಳಗೆ ಪಂಚ್ ಆಗಬೇಕು. ಒಂಬತ್ತೂಕಾಲರ ಹೊತ್ತಿಗೆ ಆ ಹೊಳೆ ಬತ್ತಿ, ಕಟ್ಟಡಗಳ ಒಳಗಿನಿಂದ ಸಾವಿರಾರು ಮಷೀನುಗಳ ಗುಂಯ್‌ಗುಟ್ಟುವಿಕೆ ಶುರುವಾಗುತ್ತದೆ.

ನನ್ನ ಆಫೀಸು ಬೇಗೂರು ರಸ್ತೆಗೆ ತಿರುಗಿದ ಮೇಲೆ, ಹೊಲಿಗೆ ಮಷೀನಿನ ಬಿಡಿಭಾಗಗಳ ಅಂಗಡಿಯೊಂದರ ಮೇಲಿದೆ. ಅಂಗಡಿಯ ಗೋಡೆಯಿಡೀ ಕೊಕ್ಕೆಗಳು. ಬಾಬಿನ್, ಬಾಬಿನ್ ಕೇಸು, ನಾನಾ ನಮೂನೆಯ ಪ್ರೆಸರ್ ಫೂಟು, ಅಂಚು ಮಡಚುವ ಫೋಲ್ಡರು, ಸೂಜಿಯ ಪ್ಯಾಕೆಟ್ಟು, ಬೆಲ್ಟು ಅಲ್ಲಿ ನೇತಾಡುತ್ತವೆ. ಮಷೀನ್ ಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ನನ್ನ ಕಡತಗಳವರೆಗೂ ಬರುತ್ತದೆ. ಬಾಗಿಲ ಮೇಲೆ ಕನ್ನಡದಲ್ಲಿ ‘ಪೇಟೆಂಟ್ ಮತ್ತು ಡಿಸೈನ್ ಏಜೆಂಟ್’ ಎಂದು ಬರೆಸಿದ್ದೇನೆ. ಪಾಸ್‌ಪೋರ್ಟ್ ಮಾಡಿಸಿಕೊಡ್ತೀರಾ ಎಂದು ಕೇಳಿಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ಇದ್ದಾರೆ. ಅವರನ್ನು ಕೂರಿಸಿ ನೀರು ಕೊಟ್ಟು, ನನ್ನ ಕೆಲಸ ಏನೆಂದು ಹೇಳಿಯೇ ಕಳಿಸುತ್ತೇನೆ. ಹೊಸದಾಗಿ ಏನನ್ನಾದರೂ ಮಾಡಿದವರು ಅವರ ಬೀದಿಯಲ್ಲೂ ಒಬ್ಬರಿರಬಹುದು.

2021ರಲ್ಲಿ ಒಬ್ಬರು ಹಾಗೆ ಬಂದರು. ನಲವತ್ತೈದರ ಆಸುಪಾಸಿನ ಗಾರ್ಮೆಂಟ್ಸ್ ಮೆಕ್ಯಾನಿಕ್. ಲೈನಿನಲ್ಲಿ ಮಷೀನು ಕೆಟ್ಟರೆ ಸ್ಕ್ರೂಡ್ರೈವರ್ ಹಿಡಿದು ಓಡುವ ಕೆಲಸ. ಜೇಬಿನಿಂದ ಒಂದು ಬಗ್ಗಿಸಿದ ಸ್ಟೀಲ್ ತಂತಿ ತೆಗೆದು ಮೇಜಿನ ಮೇಲಿಟ್ಟರು. ಸೂಜಿಯ ಮುಂದೆ ಬೆರಳು ಹೋಗದಂತೆ ತಡೆಯುವ ಗಾರ್ಡು. ಮಷೀನಿನ ಜೊತೆಗೆ ಬರುವುದಕ್ಕಿಂತ ಚಿಕ್ಕದು, ಸೂಜಿ ಚೆನ್ನಾಗಿ ಕಾಣುತ್ತದೆ. ಚೊಕ್ಕ ಕೆಲಸ.

“ಯಾರಿಗಾದರೂ ತೋರಿಸಿದ್ದೀರಾ ಅಣ್ಣ?” ಎಂದೆ. ನಾನು ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಅದೇ.

“ತೋರ್ಸೋದೇನ್ ಮೇಡಂ, ನಮ್ ಫ್ಲೋರಿಗೆ ಇಪ್ಪತ್ತು ಪೀಸ್ ಮಾಡಿ ಹಾಕಿವ್ನಿ. ವಿಡಿಯೋ ಮಾಡಿ ಮೆಕ್ಯಾನಿಕ್‌ಗಳ ಗ್ರೂಪಿಗೂ ಬಿಟ್ಟಿವ್ನಿ. ಎಲ್ರೂ ಮೆಚ್ಕೊಂಡ್ರು.”

ನಾನು ಅವರನ್ನು ಕರೆದುಕೊಂಡು ಕೆಳಗಿಳಿದೆ. ಅಂಗಡಿಯ ಎಡಗೋಡೆಯ ಮೂರನೆಯ ಕೊಕ್ಕೆಯಲ್ಲಿ ಅದೇ ತಂತಿ, ಪ್ಲಾಸ್ಟಿಕ್ ಕವರಿನೊಳಗೆ, ಡಜನ್ನಿನ ಲೆಕ್ಕದಲ್ಲಿ ತೂಗುತ್ತಿತ್ತು. ಅವರು ಒಂದನ್ನು ಬಿಡಿಸಿ, ಬೆರಳಲ್ಲಿ ಸವರಿ ನೋಡಿದರು. ಬಗ್ಗಿಸಿದ ಕೋನವೂ ತಮ್ಮದೇ ಎಂದರು. ಆಮೇಲೆ ಏನೂ ಹೇಳಲಿಲ್ಲ. ಆ ಮೌನ ನನಗೆ ಈಗಲೂ ಕೇಳಿಸುತ್ತದೆ.

ಪೇಟೆಂಟಿನ ಮೊದಲ ಷರತ್ತು ಹೊಸತನ. ಅರ್ಜಿ ಹಾಕುವ ದಿನಕ್ಕೆ ಮೊದಲು ಆ ವಸ್ತು ಜಗತ್ತಿನ ಯಾವ ಮೂಲೆಯಲ್ಲಾದರೂ ಬಹಿರಂಗವಾಗಿದ್ದರೆ, ಬಹಿರಂಗ ಮಾಡಿದವರು ಅದನ್ನು ಕಂಡುಹಿಡಿದವರೇ ಆಗಿದ್ದರೂ, ಹೊಸತನ ಹೋದಂತೆ. ಸರ್ಕಾರ ಅಧಿಸೂಚಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟದ್ದು, ವಿದ್ವತ್ ಸಂಸ್ಥೆಯೆದುರು ಪ್ರಬಂಧ ಓದಿದ್ದು, ಇಂಥ ಕೆಲವಕ್ಕೆ 12 ತಿಂಗಳ ರಿಯಾಯಿತಿ ಉಂಟು. ವಾಟ್ಸ್ಆ್ಯಪ್ ಗುಂಪಿಗೆ ಇಲ್ಲ. ದೊಡ್ಡ ಕಂಪನಿಗಳಲ್ಲಿ ಇದನ್ನು ಕೆಲಸಕ್ಕೆ ಸೇರಿದ ವಾರವೇ ಹೇಳಿಕೊಡುತ್ತಾರೆ. ಬೊಮ್ಮನಹಳ್ಳಿಯ ಫ್ಲೋರುಗಳಲ್ಲಿ ಹೇಳಿಕೊಡುವವರಿಲ್ಲ. ಇಲ್ಲಿ ಒಬ್ಬ ಮೆಕ್ಯಾನಿಕ್ ಏನಾದರೂ ಉಪಾಯ ಕಂಡುಕೊಂಡರೆ ಮೊದಲು ಪಕ್ಕದವನಿಗೆ ಹೇಳುತ್ತಾನೆ. ಆ ಒಳ್ಳೆಯ ಗುಣದಿಂದಲೇ ಅವನ ಹಕ್ಕು ಕೈಜಾರುತ್ತದೆ. ಇಷ್ಟು ವರ್ಷದ ನನ್ನ ಕೆಲಸದಲ್ಲಿ ನನ್ನನ್ನು ಇದರಷ್ಟು ನೋಯಿಸಿದ್ದು ಬೇರೆ ಯಾವುದೂ ಇಲ್ಲ.

“ಇನ್ನೊಂದು ಏನಾದರೂ ಹೊಳೆದರೆ, ಯಾರಿಗೂ ತೋರಿಸದೆ ಇಲ್ಲಿಗೆ ಬನ್ನಿ” ಎಂದೆ. ತಲೆಯಾಡಿಸಿ ಹೋದರು. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ.

ನಾನು ಈ ಕೆಲಸಕ್ಕೆ ಬಂದದ್ದು ಎಲೆಕ್ಟ್ರಾನಿಕ್ ಸಿಟಿಯ ದಾರಿಯಿಂದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ ಅಲ್ಲಿನ ಒಂದು ಸಂಸ್ಥೆ ಸೇರಿದೆ. ಅಮೆರಿಕದ ವಕೀಲರಿಗೆ ಬೇಕಾದ ಪ್ರಯರ್ ಆರ್ಟ್ ಸರ್ಚ್, ಅಂದರೆ ಈ ಉಪಾಯ ಮೊದಲೇ ಎಲ್ಲಾದರೂ ಇದೆಯೇ ಎಂಬ ಹುಡುಕಾಟ, ಆಮೇಲೆ ಅರ್ಜಿಯ ಕರಡು. ಬೆಂಗಳೂರಿನಲ್ಲಿ ನೂರಾರು ಹುಡುಗ ಹುಡುಗಿಯರು ಈ ಕೆಲಸ ಮಾಡುತ್ತಾರೆ. ನಾವು ಬರೆದದ್ದರ ಮೇಲೆ ನಮ್ಮ ಹೆಸರಿರುವುದಿಲ್ಲ. ಕಂಡುಹಿಡಿದವರ ಮುಖವನ್ನೂ ನಾವು ನೋಡುವುದಿಲ್ಲ. ಭಾಷೆಯ ಶಿಸ್ತು ಕಲಿತದ್ದು ಅಲ್ಲಿಯೇ, ಅದರ ಋಣ ದೊಡ್ಡದು. ಆದರೆ ಆರನೆಯ ವರ್ಷದ ಹೊತ್ತಿಗೆ ಎದುರಿಗೆ ಒಬ್ಬ ಮನುಷ್ಯ ಕೂತು ತನ್ನ ಕೈಯ ವಸ್ತುವನ್ನು ತೋರಿಸಬೇಕು ಎಂಬ ಆಸೆ ಬಲವಾಯಿತು.

ಅದಕ್ಕೆ ನೋಂದಾಯಿತ ಪೇಟೆಂಟ್ ಏಜೆಂಟ್ ಆಗಬೇಕು. ಭಾರತದ ಪ್ರಜೆಯಾಗಿರಬೇಕು, 21 ತುಂಬಿರಬೇಕು, ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ ಇರಬೇಕು, ಪೇಟೆಂಟ್ ಕಚೇರಿ ನಡೆಸುವ ಪರೀಕ್ಷೆ ಪಾಸಾಗಬೇಕು. ಒಂದು ಪತ್ರಿಕೆ ಕಾನೂನಿನದು, ಇನ್ನೊಂದು ಕರಡು ಬರೆಯುವುದರದು, ಕೊನೆಗೆ ವೈವಾ. ಎರಡೂ ಪತ್ರಿಕೆಗಳಲ್ಲಿ ತಲಾ 50, ಒಟ್ಟಾರೆ 60 ಪರ್ಸೆಂಟು. ವರ್ಷವರ್ಷವೂ ನಡೆಯುವ ಪರೀಕ್ಷೆ ಇದಲ್ಲ. 2018ರಲ್ಲಿ ನಾನು ಬರೆದೆ. ಅದಾದ ಮೇಲೆ ಮತ್ತೆ ನಡೆದದ್ದು 2023ರಲ್ಲಿ. ಡಿಸೈನಿಗೆ ಬೇರೆ ಪರೀಕ್ಷೆಯಿಲ್ಲ, ಪೇಟೆಂಟ್ ಏಜೆಂಟರೇ ಅದನ್ನೂ ಮಾಡಬಹುದು. ಬೆಂಗಳೂರಿನಲ್ಲಿ ಪೇಟೆಂಟ್ ಕಚೇರಿ ಇಲ್ಲ ಎಂದರೆ ಹಲವರು ನಂಬುವುದಿಲ್ಲ. ಕರ್ನಾಟಕದ ಅರ್ಜಿಗಳೆಲ್ಲ ಚೆನ್ನೈನ ಗಿಂಡಿಯಲ್ಲಿರುವ ಕಚೇರಿಗೆ ಹೋಗುತ್ತವೆ, ಡಿಸೈನ್ ಅರ್ಜಿಗಳು ಕೋಲ್ಕತ್ತಕ್ಕೆ.

ಪಾಸಾದ ಸುದ್ದಿಯನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದರು. ನಮ್ಮದು ಮಂಡ್ಯ ಕಡೆ. ನಮ್ಮ ಮನೆಯಲ್ಲಿ ‘ಪೇಟೆಂಟ್’ ಎಂಬ ಮಾತು ಮೊದಲು ಕೇಳಿಸಿದ್ದೇ ಹಸಿರು ಶಾಲಿನ ಜೊತೆ. ವಿಶ್ವ ವ್ಯಾಪಾರ ಒಪ್ಪಂದದ ಡಂಕೆಲ್ ಕರಡಿನ ಕಾಲ ಅದು. 1992ರ ಡಿಸೆಂಬರಿನಲ್ಲಿ ರೈತಸಂಘದವರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆದ ಸುದ್ದಿಯನ್ನು ಅಪ್ಪ ಜಗಲಿಯ ಮೇಲೆ ಕೂತು ಓದಿ ಹೇಳುತ್ತಿದ್ದರಂತೆ. ಪ್ರೊಫೆಸರ್ ನಂಜುಂಡಸ್ವಾಮಿಯವರ ಭಾಷಣ ಕೇಳಲು ಅವರು ಎಷ್ಟು ದೂರವಾದರೂ ಹೋಗುತ್ತಿದ್ದರು. ಬೀಜದ ಮೇಲೆ ಬೇರೆಯವನ ಹಕ್ಕು ಎಂಬುದು ಅವರಿಗೆ ಮೈಮೇಲೆ ಕೆಂಡ ಬಿದ್ದಂತೆ. ಬೇವಿನ ಎಣ್ಣೆಯಿಂದ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ ಸಿಕ್ಕಿದ್ದ ಪೇಟೆಂಟು 2000ದ ಮೇ ತಿಂಗಳಲ್ಲಿ ರದ್ದಾದಾಗ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದು ನನಗೆ ನೆನಪಿದೆ.

“ಯಾರ ಕಡೆಗೆ ಕೆಲಸ ಮಾಡ್ತೀಯವ್ವ?” ಎಂದು ಅಪ್ಪ ಕೇಳಿದ್ದರು.

ನಮ್ಮ ಕಾನೂನಿನಲ್ಲಿ ಗಿಡಕ್ಕೂ ಬೀಜಕ್ಕೂ ಪೇಟೆಂಟ್ ಇಲ್ಲ, ಬೇಸಾಯದ ವಿಧಾನಕ್ಕೂ ಇಲ್ಲ, ಪಾರಂಪರಿಕ ಜ್ಞಾನಕ್ಕೂ ಇಲ್ಲ, ಮೂರನೆಯ ಸೆಕ್ಷನ್ನಿನಲ್ಲೇ ಬರೆದಿದೆ ಎಂದು ವಿವರಿಸಿದೆ. ತಳಿ ಸಂರಕ್ಷಣೆಗೆಂದು 2001ರಲ್ಲಿ ಬಂದ ಬೇರೆ ಕಾಯಿದೆಯಲ್ಲೂ ಬೀಜ ಉಳಿಸಿಕೊಳ್ಳುವ, ಬಿತ್ತುವ, ನೆರೆಯವನಿಗೆ ಕೊಡುವ ಹಕ್ಕು ರೈತನಿಗೇ ಉಂಟು ಎಂದೆ. ಇವೆಲ್ಲ ಕಾಯಿದೆಯೊಳಗೆ ಬಂದದ್ದರ ಹಿಂದೆ ಅವರಂಥವರು ತುಳಿದ ಬಿಸಿಲು ಇದೆ ಎಂದೂ ಹೇಳಿದೆ. ಅಪ್ಪ “ಸರಿ” ಎಂದರು. ಕೇಳಿದ ಪ್ರಶ್ನೆಯನ್ನು ಹಿಂತೆಗೆದುಕೊಂಡಿರಲಿಲ್ಲ. ಆಫೀಸಿಗೆ ಜಾಗ ಹುಡುಕುವಾಗ ಎಂ.ಜಿ. ರಸ್ತೆಯ ಕಡೆ ನೋಡದೆ ಬೊಮ್ಮನಹಳ್ಳಿಯಲ್ಲೇ ನಿಂತದ್ದು ಆ ಪ್ರಶ್ನೆಯಿಂದ.

ಬೊಮ್ಮನಹಳ್ಳಿಯೂ ಅಂಥದ್ದು. ರಸ್ತೆಯ ಒಂದು ಬದಿಗೆ ಮಂಗಮ್ಮನಪಾಳ್ಯ, ಅದರಾಚೆ ಎಚ್.ಎಸ್.ಆರ್. ಲೇಔಟು. ಅಲ್ಲಿನ ಸ್ಟಾರ್ಟ್‌ಅಪ್ ಹುಡುಗರು ಲ್ಯಾಪ್‌ಟಾಪು ಹಿಡಿದು ಬರುತ್ತಾರೆ. ಕಂಪ್ಯೂಟರ್ ಪ್ರೋಗ್ರಾಮು ಬರೀ ಪ್ರೋಗ್ರಾಮಾಗಿಯೇ ಇದ್ದರೆ ಪೇಟೆಂಟಿಗೆ ಬರುವುದಿಲ್ಲ, ವ್ಯಾಪಾರದ ವಿಧಾನವೂ ಬರುವುದಿಲ್ಲ ಎಂದು ಅವರಿಗೆ ಹೇಳುವುದರಲ್ಲೇ ಅರ್ಧ ದಿನ ಹೋಗುತ್ತದೆ. ಈ ಬದಿಯಿಂದ, ಬೇಗೂರು ರಸ್ತೆ, ಹೊಂಗಸಂದ್ರ, ಕೂಡ್ಲು ಗೇಟಿನ ಕಡೆಯಿಂದ ಬರುವವರು ಲೇತ್ ಇಟ್ಟುಕೊಂಡವರು, ಡೈ ಮಾಡುವವರು, ಹೊಸೂರಿನ ಕಾರ್ಖಾನೆಗಳಿಗೆ ಜಾಬ್ ವರ್ಕ್ ಮಾಡುವವರು. ಹೊಸೂರೆಂದರೆ ಇವರಿಗೆ ಟಿವಿಎಸ್. ಆ ಕಂಪನಿಯ ‘ಫ್ಲೇಮ್’ ಬೈಕಿನ ಮೇಲೆ, ಎಂಜಿನ್ನಿನಲ್ಲಿ ಎರಡು ಸ್ಪಾರ್ಕ್ ಪ್ಲಗ್ ಇರುವ ತಂತ್ರ ತನ್ನದೆಂದು ಬಜಾಜ್ ಹೂಡಿದ ದಾವೆಯನ್ನು ಇಲ್ಲಿನ ಹಳೆಯ ಟರ್ನರುಗಳು ಇವತ್ತಿಗೂ ಕ್ರಿಕೆಟ್ ಮ್ಯಾಚಿನ ಹಾಗೆ ಹೇಳುತ್ತಾರೆ. 2008ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ತಡೆ, 2009ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ವಿಭಾಗೀಯ ಪೀಠ ತಡೆ ತೆಗೆದದ್ದು, ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಬೇಗ ಮುಗಿಸಿ ಎಂದದ್ದು. ಪೇಟೆಂಟ್ ಎಂದರೆ ಆನೆಗಳ ಕಾಳಗ ಎಂದೇ ಅವರು ತಿಳಿದಿದ್ದರು. ಬಾಡಿಗೆ ಶೆಡ್ಡಿನವನೂ ಅರ್ಜಿ ಹಾಕಬಹುದು, ವ್ಯಕ್ತಿಯಾಗಿ ಆನ್‌ಲೈನಿನಲ್ಲಿ ಹಾಕಿದರೆ ಶುಲ್ಕ 1,600 ರೂಪಾಯಿ ಎಂದರೆ ಎರಡೆರಡು ಸಲ ಕೇಳುತ್ತಾರೆ.

ಅವರಲ್ಲೊಬ್ಬರು ಪ್ಲಾಸ್ಟಿಕ್ ಮೋಲ್ಡಿಂಗಿನವರು. ಒಂದು ದಿನ ಚೀಲದಿಂದ ಊಟದ ಡಬ್ಬಿಯೊಂದನ್ನು ತೆಗೆದರು. ಮುಚ್ಚಳ ತೆರೆದರೆ ಒಳಗೆ ನಡುವಿನಲ್ಲಿ ಬಟ್ಟಲಿನಂಥ ತಗ್ಗು, ಸುತ್ತ ಸಾರಿಗೆ ಅರ್ಧಚಂದ್ರದಂಥ ಜಾಗ. “ಮುದ್ದೆ ಡಬ್ಬಿ ಮೇಡಂ” ಎಂದರು. ಬಸ್ಸಿನಲ್ಲಿ ಎಷ್ಟು ಕುಲುಕಿದರೂ ಮುದ್ದೆ ಉರುಳಿ ಸಾರಿಗೆ ಬೀಳುವುದಿಲ್ಲ. ತಗ್ಗು ಮಾಡಿದ ಡಬ್ಬಿಗಳು ಮೊದಲೇ ಬೇಕಾದಷ್ಟಿದ್ದುದರಿಂದ ಪೇಟೆಂಟಿಗೆ ಜಾಗವಿರಲಿಲ್ಲ. ಆದರೆ ಅದರ ಹೊರ ಆಕಾರ ನೋಡಿದ ಕೂಡಲೇ ಕಣ್ಣು ಹಿಡಿಯುವಂತಿತ್ತು. ತುಂಬು ಕೊಡದ ಹೊಟ್ಟೆಯಂತೆ ಉಬ್ಬಿ, ಅಂಚಿಗೆ ಬಂದಾಗ ಒಳಕ್ಕೆ ಮಡಚಿದ ಗೆರೆ. ಡಿಸೈನ್ ನೋಂದಣಿಗೆ ಅದು ಹೇಳಿ ಮಾಡಿಸಿದಂತಿತ್ತು.

2000ದ ಡಿಸೈನ್ಸ್ ಕಾಯಿದೆ ಒಂದು ಚೆಂದದ ಮಾತು ಹೇಳುತ್ತದೆ. ವಸ್ತುವಿನ ಆಕಾರ, ವಿನ್ಯಾಸ, ಚಿತ್ತಾರವನ್ನು ಕಣ್ಣೊಂದೇ ತೀರ್ಮಾನಿಸಬೇಕು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದು ಲೆಕ್ಕಕ್ಕಿಲ್ಲ. ಆದ್ದರಿಂದ ಅರ್ಜಿಯಲ್ಲಿ ಮುದ್ದೆಯ ಮಾತೇ ಬರಬಾರದು ಎಂದೆ. ಅವರಿಗೆ ಬೇಸರವಾಯಿತು. “ಅದುಕ್ಕೋಸ್ಕರಾನೇ ಮಾಡಿದ್ದಲ್ವ?” ಎಂದರು. ನನಗೂ ಬೇಸರವೇ. ಮಾಡಿದವನ ಮನಸ್ಸಿನಲ್ಲಿ ಉಪಯೋಗವೂ ಅಂದವೂ ಒಂದೇ ವಸ್ತು, ಕಾನೂನು ಅವನ್ನು ಕತ್ತರಿಸಿ ಒಂದನ್ನು ಚೆನ್ನೈಗೂ ಇನ್ನೊಂದನ್ನು ಕೋಲ್ಕತ್ತಕ್ಕೂ ಕಳಿಸುತ್ತದೆ.

ಚಿತ್ರಗಳನ್ನು ನಮ್ಮ ತಾರಸಿಯ ಮೇಲೆ ತೆಗೆದೆವು. ಮುಂದಿನಿಂದ, ಹಿಂದಿನಿಂದ, ಎಡ, ಬಲ, ಮೇಲೆ, ಕೆಳಗೆ, ಮೂಲೆಯಿಂದ ಒಂದು. ಹಿನ್ನೆಲೆಗೆ ಅವರ ಬಿಳಿ ಪಂಚೆಯನ್ನೇ ನೀರಿನ ಟ್ಯಾಂಕಿಗೆ ಕಟ್ಟಿದ್ದಾಯಿತು. ಗಾಳಿ ಬಂದಾಗಲೆಲ್ಲ ಪಂಚೆ ಉಬ್ಬಿ ನೆರಳು ಬೀಳುತ್ತಿತ್ತು. ಅವರು ಒಂದು ತುದಿ ಹಿಡಿದು, ಅವರ ಮಗ ಇನ್ನೊಂದು ತುದಿ ಹಿಡಿದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ಮಂಡಿಯೂರಿ, ಡಬ್ಬಿಯ ಅಂಚು ಕ್ಯಾಮೆರಾದ ಗೆರೆಗೆ ಸಮನಾಗುವವರೆಗೆ ಅದರಡಿಗೆ ಕಾಗದ ಸಿಕ್ಕಿಸುತ್ತಿದ್ದೆ. ಏಳು ಚಿತ್ರಕ್ಕೆ ಎರಡು ಗಂಟೆ ಹಿಡಿಯಿತು. ಈಗ ಆ ಡಬ್ಬಿಯ ಆಕಾರ 10 ವರ್ಷ ಅವರದು, ಶುಲ್ಕ ಕಟ್ಟಿದರೆ ಇನ್ನೂ 5 ವರ್ಷ. ಬೆಳಗಿನ ಆ ಸಾಲಿನಲ್ಲಿ ನಡೆಯುವ ಹೆಣ್ಣುಮಕ್ಕಳ ಟಿಫನ್ ಬ್ಯಾಗಿನಲ್ಲಿ ಅದರ ಉಬ್ಬು ಕಂಡಾಗ ನಾನು ನಿಂತು ನೋಡುತ್ತೇನೆ.

ಮೆಕ್ಯಾನಿಕ್ ಅಣ್ಣ ಮತ್ತೆ ಬಂದದ್ದು 2023ರಲ್ಲಿ. ಈ ಸಲ ಜೇಬಿನಿಂದ ತೆಗೆಯಲಿಲ್ಲ. ಊಟದ ಚೀಲದ ತಳದಲ್ಲಿ, ಬಟ್ಟೆಯೊಳಗೆ, ಬಟ್ಟೆಯೊಳಗಿನ ಪೇಪರಿನೊಳಗೆ ಅದಿತ್ತು. “ಯಾರ್ಗೂ ತೋರ್ಸಿಲ್ಲ ಮೇಡಂ. ಮನೆ ಬಿಟ್ರೆ ಇಲ್ಲೇ.” (ಅವರ ಅರ್ಜಿ ಪೇಟೆಂಟ್ ಕಚೇರಿಯ ಜರ್ನಲ್ಲಿನಲ್ಲಿ ಪ್ರಕಟವಾಗಿ ಯಾರು ಬೇಕಾದರೂ ಓದುವಂತಾಗಿದೆ. ಆದರೂ ಅವರನ್ನು ಕೇಳಿ, ಒಪ್ಪಿದಷ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.)

ಕೈಬೆರಳ ಉದ್ದದ ವಸ್ತು. ಹಳೆಯ ತಂತಿಯೇ, ಆದರೆ ಬುಡದಲ್ಲಿ ಒಂದು ಚಿಕ್ಕ ಕೀಲು, ಕೀಲಿನಿಂದ ಹಿಂದಕ್ಕೆ ಹೋಗುವ ಚಪ್ಪಟೆ ಪಟ್ಟಿ, ಪಟ್ಟಿಯ ತುದಿಗೆ ಬಾಲ್‌ಪೆನ್ನಿನ ಸ್ಪ್ರಿಂಗಿನಂಥ ಒಂದು ಸ್ಪ್ರಿಂಗು. ಕಾರ್ಖಾನೆಯ ಸಿಂಗಲ್ ನೀಡಲ್ ಮಷೀನಿನಲ್ಲಿ ಟೇಬಲಿನ ಕೆಳಗೆ ಮಂಡಿಯಿಂದ ಒತ್ತುವ ಒಂದು ಪ್ಯಾಡ್ ಇರುತ್ತದೆ. ಮಂಡಿ ಬಲಕ್ಕೆ ಒತ್ತಿದರೆ ಬಟ್ಟೆ ಹಿಡಿದ ಫೂಟು ಮೇಲೇಳುತ್ತದೆ. ಈ ಪಟ್ಟಿ ಆ ಏಳುವ ಚಲನೆಗೇ ಸೇರಿಕೊಂಡಿತ್ತು. ಫೂಟು ಎದ್ದರೆ ಗಾರ್ಡು ಪಕ್ಕಕ್ಕೆ ಸರಿಯುತ್ತದೆ. ಫೂಟು ಇಳಿದರೆ ತಾನಾಗಿ ಬಂದು ಸೂಜಿಯ ಮುಂದೆ ನಿಲ್ಲುತ್ತದೆ. ನಾಲ್ಕು ಸಲ, ಐದು ಸಲ ಆಡಿಸಿ ನೋಡಿದೆ. ಟಿಕ್, ಟಿಕ್. ಎಣ್ಣೆ ಹಾಕಿದ ಬಾಗಿಲಿನ ಹಾಗೆ.

“ಇದನ್ನು ಮಂಡಿ ಲಿಫ್ಟಿಗೆ ಕಟ್ಟಬೇಕು ಅಂತ ಹೇಗೆ ಹೊಳೆಯಿತು?”

“ಅದು ನಮ್ಮನೆಯವ್ಳು ಹೇಳಿದ್ದು.”

ನನ್ನ ಪೆನ್ನು ನಿಂತಿತು. ಅರ್ಜಿಯ ‘ಫಾರಂ 1’ರಲ್ಲಿ ಕಂಡುಹಿಡಿದವರ ಹೆಸರು ಬರೆಯುವ ಜಾಗವಿದೆ. ಉಪಾಯದ ತಿರುಳು ಯಾರ ತಲೆಯಿಂದ ಬಂತೋ ಅವರು ಆವಿಷ್ಕಾರಕರು. ಅದನ್ನು ಮಾಡಿಕೊಟ್ಟ ಕೈಯಷ್ಟೇ ಅದರ ಪೂರ್ತಿ ಒಡೆಯನಲ್ಲ. “ಭಾನುವಾರ ಅಕ್ಕನನ್ನೂ ಕರೆದುಕೊಂಡು ಬನ್ನಿ” ಎಂದೆ.

ಅವರು ಹದಿನೆಂಟು ವರ್ಷದಿಂದ ಟೈಲರ್. ಕನಕಪುರದ ಕಡೆಯವರು, ಮದುವೆಯಾಗಿ ಬಂದು ಹೊಂಗಸಂದ್ರದಲ್ಲಿ ನೆಲೆಯಾದವರು. ಕುರ್ಚಿಯ ತುದಿಯಲ್ಲಿ ಕೂತು ಸೆರಗಿನೊಳಗೆ ಕೈಯಿಟ್ಟುಕೊಂಡಿದ್ದರು. ಚಹಾದ ಲೋಟ ಹಿಡಿಯುವಾಗ ಬಲಗೈ ತೋರುಬೆರಳು ಕಂಡಿತು. ಉಗುರು ನಡುವಿನಿಂದ ಸೀಳಿ, ಸೀಳಿದಂತೆಯೇ ಬೆಳೆದಿತ್ತು. ಸೂಜಿ ಉಗುರು ತೂರಿ ಕೆಳಗಿನವರೆಗೂ ಇಳಿದಿತ್ತಂತೆ. ಗಾರ್ಡು ಇರಲಿಲ್ಲವೇ ಎಂದೆ.

“ಇತ್ತು. ಬಿಚ್ಚಿ ಮಡಗಿದ್ದೆ. ಎಲ್ರೂ ಬಿಚ್ಚೇ ಮಡಗ್ತಾರೆ ಮೇಡಂ. ಅದಿದ್ರೆ ದಾರ ಪೋಣ್ಸೋದು ಹೆಂಗೆ? ದಾರ ಕಿತ್ತಾಗೆಲ್ಲ ಅದ ಎತ್ತು, ಪೋಣ್ಸು, ಮತ್ತೆ ಇಳ್ಸು ಅಂತ ಕುಂತ್ರೆ ಟಾರ್ಗೆಟ್ ಯಾರ್ ಕೊಡ್ತಾರೆ? ಅದುಕ್ಕೇ ಇವ್ರಿಗೆ ಅಂದೆ, ದಾರ ಪೋಣ್ಸುವಾಗ ಹೆಂಗೂ ಮಂಡಿಲಿ ಫೂಟು ಎತ್ತೇ ಎತ್ತೀವಿ, ಇದ್ನೂ ಅದುಕ್ಕೇ ಕಟ್ಬುಡಿ, ಕೈಯೇ ಹಾಕ್ಬಾರ್ದು ಅಂತ.”

ಇಷ್ಟೇ ಮಾತು. ನಾನು ಹಿಂದಿನ ಮೂರು ರಾತ್ರಿ ಪೇಟೆಂಟ್ ದಾಖಲೆಗಳನ್ನು ಜಾಲಾಡಿದ್ದೆ. ಅಮೆರಿಕ, ಜಪಾನ್, ಚೀನಾ, ಎಲ್ಲ ಕಡೆ ಬೆರಳು ಕಾಯುವ ಗಾರ್ಡುಗಳು. ಒಂದಕ್ಕಿಂತ ಒಂದು ಗಟ್ಟಿ. ನಾನು ಓದಿದ ಯಾವುದರಲ್ಲೂ ಟೈಲರ್ ಅದನ್ನು ಏಕೆ ಬಿಚ್ಚಿಡುತ್ತಾಳೆ ಎಂಬ ಪ್ರಶ್ನೆ ಇರಲಿಲ್ಲ. ದಿನಕ್ಕೆ ನೂರಾರು ಪೀಸು ಹೊಲಿಯುವ ಮಂಡಿಗೆ ಮಾತ್ರ ಗೊತ್ತಿದ್ದ ಉತ್ತರ ಅದು.

ಮಾತಿನ ನಡುವೆ 2016ರ ಏಪ್ರಿಲ್ ಬಂತು. ಪಿ.ಎಫ್. ಹಣದಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ ಇದೇ ಹೊಸೂರು ರಸ್ತೆಯನ್ನು ಗಾರ್ಮೆಂಟ್ಸ್ ಹೆಂಗಸರು ತುಂಬಿದ ದಿನಗಳು, 18 ಮತ್ತು 19. ಸಂಘಟನೆಯ ಕರೆ ಇಲ್ಲದೆ, ಮುಖಂಡರಿಲ್ಲದೆ ಹೊರಬಂದವರು. ನಿಯಮ ವಾಪಸಾಯಿತು. ಆ ಎರಡು ದಿನಗಳಲ್ಲಿ ಒಂದು ದಿನ ನಾನು ಎಲೆಕ್ಟ್ರಾನಿಕ್ ಸಿಟಿಯಿಂದ ಬರುವ ಬಸ್ಸಿನಲ್ಲಿ ಸಿಕ್ಕಿಬಿದ್ದು, ಇಳಿದು ನಡೆದಿದ್ದೆ. ಅಕ್ಕ ಆ ಗುಂಪಿನಲ್ಲಿದ್ದರು. ನಾನು ಅವರ ಪಕ್ಕದಲ್ಲೇ ಹಾದುಹೋಗಿರಬಹುದು.

‘ಫಾರಂ 1’ರಲ್ಲಿ ಎರಡು ಹೆಸರು ಬರೆದೆವು, ಆವಿಷ್ಕಾರಕರೂ ಇಬ್ಬರು, ಅರ್ಜಿದಾರರೂ ಇಬ್ಬರು. ಅರ್ಜಿದಾರರಲ್ಲಿ ಒಬ್ಬರು ಮಹಿಳೆಯಾಗಿದ್ದರೆ ಬೇಗ ಪರೀಕ್ಷಿಸಿ ಎಂದು ಕೇಳುವ ಅವಕಾಶ 2019ರಿಂದ ಇದೆ. ಅರ್ಜಿಗೆ 1,600, ಬೇಗ ಪ್ರಕಟಿಸಲು 2,500, ಬೇಗ ಪರೀಕ್ಷಿಸಲು 8,000, ಸರ್ಕಾರಕ್ಕೆ ಒಟ್ಟು 12,100 ರೂಪಾಯಿ. ಅಕ್ಕ ಚೀಟಿಯ ದುಡ್ಡು ಎಣಿಸಿ ಕೊಟ್ಟರು. ನನ್ನ ಫೀಸನ್ನು ಆಮೇಲೆ ನೋಡೋಣ ಎಂದೆ.

ಕ್ಲೇಮು ಬರೆಯುವುದು ನನ್ನ ಕೆಲಸದ ಹೃದಯ. ಇಷ್ಟು ನನ್ನದು ಎಂದು ಬೇಲಿ ಹಾಕುವ ವಾಕ್ಯ ಅದು. ಎಷ್ಟೇ ಉದ್ದವಾದರೂ ಪ್ರತಿಯೊಂದು ಕ್ಲೇಮೂ ಒಂದೇ ವಾಕ್ಯವಾಗಿರಬೇಕು. ಒಂದು ಪದ ಹೆಚ್ಚಾದರೆ ಬೇಲಿ ಕಿರಿದಾಗಿ ನಕಲು ಮಾಡುವವನು ಪಕ್ಕದಲ್ಲಿ ನುಸುಳುತ್ತಾನೆ. ಕಡಿಮೆಯಾದರೆ ಹಳೆಯ ದಾಖಲೆಯ ಜಮೀನಿನೊಳಗೆ ಕಾಲಿಟ್ಟಂತಾಗಿ ಅರ್ಜಿಯೇ ಬೀಳುತ್ತದೆ. ನಿಯಮದ ಪ್ರಕಾರ ಅರ್ಜಿ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರಬೇಕು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಕನ್ನಡದಲ್ಲಿ ಯೋಚಿಸಿ, ಕನ್ನಡದಲ್ಲಿ ಹೇಳಿ, ಕನ್ನಡದಲ್ಲೇ ಮಾಡಿದ ವಸ್ತುವಿನ ಹಕ್ಕುಪತ್ರವನ್ನು ಮಾಡಿದವರೇ ಓದಲಾರರು. ಇದು ಸರಿಯಾಗಬೇಕು ಎಂದು ಸಿಕ್ಕಲ್ಲೆಲ್ಲ ಹೇಳುತ್ತ ಬಂದಿದ್ದೇನೆ. ಸರಿಯಾಗುವವರೆಗೆ ನನ್ನ ಪದ್ಧತಿ ಒಂದಿದೆ. ಮೊದಲ ಕ್ಲೇಮನ್ನು ಕನ್ನಡದಲ್ಲಿ ಬರೆದು, ಮಾಡಿದವರಿಗೆ ಓದಿ ಹೇಳಿ, ಅವರು ಹೂಂ ಎಂದ ಮೇಲೆಯೇ ಇಂಗ್ಲಿಷಿಗೆ ತಿರುಗುತ್ತೇನೆ.

ಆ ಭಾನುವಾರ ಓದಿದ್ದು ಹೀಗಿತ್ತು: ಹೊಲಿಗೆ ಯಂತ್ರದ ಸೂಜಿಯ ಮುಂದೆ ಬೆರಳಿಗೆ ಅಡ್ಡವಾಗಿ ನಿಲ್ಲುವ, ಬುಡದಲ್ಲಿ ಕೀಲಿನ ಮೇಲೆ ತಿರುಗುವ, ಪ್ರೆಸರ್ ಫೂಟನ್ನು ಎತ್ತುವ ಮಂಡಿಯ ಚಲನೆಗೆ ಪಟ್ಟಿಯೊಂದರಿಂದ ಜೋಡಿಸಿಕೊಂಡು ಫೂಟು ಏಳುತ್ತಿದ್ದಂತೆ ಪಕ್ಕಕ್ಕೆ ಸರಿಯುವ, ಫೂಟು ಇಳಿಯುತ್ತಿದ್ದಂತೆ ಸ್ಪ್ರಿಂಗಿನ ಬಲದಿಂದ ಮರಳಿ ಸೂಜಿಯ ಮುಂದೆ ಬಂದು ನಿಲ್ಲುವ ಬೆರಳುಗಾವಲು.

ನಮ್ಮ ಭಾಷೆಗೆ ಈ ಕೆಲಸ ಹೊಸದೇನಲ್ಲ. ನಿಲ್ಲುವ, ತಿರುಗುವ, ಸರಿಯುವ ಎಂದು ಗುಣಗಳನ್ನು ದಾರಕ್ಕೆ ಪೋಣಿಸಿ ಕೊನೆಗೆ ವಸ್ತುವಿನ ಹೆಸರಿಗೆ ಗಂಟು ಹಾಕುವುದು ಕನ್ನಡಕ್ಕೆ ಉಸಿರಾಟದಷ್ಟು ಸಲೀಸು. ಅಕ್ಕ ಕಣ್ಣು ಮುಚ್ಚಿ ಕೇಳಿದರು. “ಸ್ಪ್ರಿಂಗು ಅಂತ ಯಾಕೆ? ಇವ್ರು ಒಂದ್ಸಲ ರಬ್ಬರ್ ಬ್ಯಾಂಡ್ ಹಾಕಿದ್ರಲ್ಲ, ಅದೂ ಕೆಲ್ಸ ಮಾಡ್ತಿತ್ತು” ಎಂದರು. ಬೇಲಿಯಲ್ಲಿದ್ದ ಕಂಡಿಯನ್ನು ಅವರೇ ತೋರಿಸಿದ್ದರು. ಸ್ಪ್ರಿಂಗು ಹೊಡೆದು ‘ಮರಳಿ ಎಳೆಯುವ ಸಾಧನ’ ಎಂದು ತಿದ್ದಿದೆ.

ಕೆಲವು ತಿಂಗಳಿಗೆ ಚೆನ್ನೈನಿಂದ ಮೊದಲ ಪರೀಕ್ಷಾ ವರದಿ ಬಂತು, ನಮ್ಮ ಮಾತಿನಲ್ಲಿ ಎಫ್‌ಇಆರ್. ಆರು ತಿಂಗಳೊಳಗೆ ಉತ್ತರ ಕೊಡಬೇಕು. ಎರಡು ಹಳೆಯ ದಾಖಲೆ ತೋರಿಸಿ, ಗಾರ್ಡೂ ಹಳತು, ಮಂಡಿ ಲಿಫ್ಟೂ ಹಳತು, ಎರಡನ್ನೂ ಸೇರಿಸುವುದು ಬರೀ ವರ್ಕ್‌ಶಾಪ್ ಸುಧಾರಣೆ ಎಂದಿತ್ತು. ಆ ಮಾತಿನ ಹಿಂದೆ ನಮ್ಮ ದೇಶದ್ದೇ ದೊಡ್ಡ ತೀರ್ಪೊಂದಿದೆ. ಮಿರ್ಜಾಪುರದಲ್ಲಿ ಹಿತ್ತಾಳೆ ಪಾತ್ರೆಯನ್ನು ಲೇತಿನಲ್ಲಿ ಹಿಡಿದು ತಿರುಗಿಸುವ ಸಾಧನಕ್ಕೆ ಸಿಕ್ಕಿದ್ದ ಪೇಟೆಂಟನ್ನು 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡುತ್ತ, ಕೆಲಸ ಬಲ್ಲವನು ಸಹಜವಾಗಿ ಮಾಡುವ ಚಿಕ್ಕ ಸುಧಾರಣೆಗೆ ಪೇಟೆಂಟ್ ಸಲ್ಲದು ಎಂದಿತು. ಸರಿಯಾದ ಮಾತೇ. ಇಲ್ಲದಿದ್ದರೆ ಪ್ರತಿ ಶೆಡ್ಡಿನ ಪ್ರತಿ ನಟ್ಟಿಗೂ ಒಬ್ಬೊಬ್ಬ ಒಡೆಯ ಹುಟ್ಟಿಕೊಳ್ಳುತ್ತಿದ್ದ. ಆದರೆ ಎಲ್ಲರಿಗೂ ಸಹಜವಾಗಿ ಹೊಳೆಯುವಂಥದ್ದಾಗಿದ್ದರೆ ಇಷ್ಟು ವರ್ಷ, ಇಷ್ಟು ಫ್ಲೋರುಗಳಲ್ಲಿ ಗಾರ್ಡು ಬಿಚ್ಚಿಟ್ಟುಕೊಂಡು ಹೊಲಿದದ್ದೇಕೆ? ನನ್ನ ಉತ್ತರದ ಬೆನ್ನೆಲುಬು ಅದಾಯಿತು.

ಉತ್ತರ ಕೊಟ್ಟ ಮೇಲೆ ವಿಚಾರಣೆ, ಅದೂ ವಿಡಿಯೋದಲ್ಲಿ. ಕೆಳಗಿನ ಅಂಗಡಿಯ ಯಜಮಾನರು ಒಂದು ಸಿಂಗಲ್ ನೀಡಲ್ ಮಷೀನನ್ನು ಟೇಬಲ್ ಸಮೇತ ನಾಲ್ಕು ಹುಡುಗರಿಂದ ಮೇಲಕ್ಕೆ ಹೊರಿಸಿಕೊಟ್ಟರು. ನಾನು ಐದು ನಿಮಿಷ ವಾದ ಮಾಡಿದೆ. ಆಮೇಲೆ ಕ್ಯಾಮೆರಾ ತಿರುಗಿಸಿ, ಅಕ್ಕ ತೋರಿಸುತ್ತಾರೆ ಎಂದೆ. ಅವರು ಮೊದಲು ಹಳೆಯ ಗಾರ್ಡು ಹಾಕಿಕೊಂಡು ದಾರ ಪೋಣಿಸಿದರು. ಎತ್ತಿ, ಹಿಡಿದು, ತಡಕಾಡಿ, ಇಳಿಸಿ. ಆಮೇಲೆ ತಮ್ಮದು. ಮಂಡಿ ಒತ್ತಿದರು, ತಂತಿ ಸರಿಯಿತು, ದಾರ ಹೋಯಿತು, ಮಂಡಿ ಬಿಟ್ಟರು, ತಂತಿ ಬಂದು ನಿಂತಿತು. ಎರಡು ಕಣ್ಣೆವೆಯ ಹೊತ್ತು. “ಕೈ ಹಾಕಂಗೇ ಇಲ್ಲ ಸಾರ್” ಎಂದರು ಕನ್ನಡದಲ್ಲೇ. ನಾನು ಇಂಗ್ಲಿಷಿಗೆ ತಿರುಗಿಸಿದೆ. ಆ ಕಡೆಯಿಂದ ಪೇಟೆಂಟ್ ಕಚೇರಿಯ ಕಂಟ್ರೋಲರ್ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಮ್ಮೆ ತೋರಿಸಿ ಎಂದರು. ಹದಿನೈದು ದಿನದೊಳಗೆ ಲಿಖಿತ ಹೇಳಿಕೆ ಕೊಟ್ಟೆವು.

ಈ ದೇಶದ ಮೊದಲ ಇಂಥ ಅರ್ಜಿ 1856ರ ಮಾರ್ಚ್ 3ರಂದು ಕಲ್ಕತ್ತದಲ್ಲಿ ಜಾರ್ಜ್ ಆಲ್ಫ್ರೆಡ್ ಡಿಪೆನ್ನಿಂಗ್ ಎಂಬ ಇಂಜಿನಿಯರ್ ಹಾಕಿದ್ದು. ಪಂಖಾ ಎಳೆಯುವ ಯಂತ್ರಕ್ಕೆ. ದಿನವಿಡೀ ಹಗ್ಗ ಎಳೆಯುತ್ತಿದ್ದ ಕೂಲಿಯ ಕೈಯ ಕೆಲಸಕ್ಕೆ ಯಂತ್ರ. ಆ ಕೂಲಿಯನ್ನು ಕೂರಿಸಿ, ನಿನ್ನ ತೋಳು ಏನು ಹೇಳುತ್ತದೆ ಎಂದು ಯಾರಾದರೂ ಕೇಳಿದ್ದರೇ ಎಂದು ವಿಚಾರಣೆಯ ರಾತ್ರಿ ನಾನು ಬಹಳ ಹೊತ್ತು ಯೋಚಿಸಿದೆ.

ಪೇಟೆಂಟ್ ಮಂಜೂರಾಯಿತು. ಅರ್ಜಿ ಹಾಕಿದ ದಿನದಿಂದ 20 ವರ್ಷ. ಮೂರನೆಯ ವರ್ಷದಿಂದ ಆರನೆಯದರವರೆಗೆ ವರ್ಷಕ್ಕೆ 800 ರೂಪಾಯಿ ನವೀಕರಣ ಶುಲ್ಕ, ಆಮೇಲೆ ಏರುತ್ತ ಹೋಗುತ್ತದೆ. ದುಡ್ಡಿನ ಹೊಳೆ ಹರಿದಿಲ್ಲ. ಬಿಡಿಭಾಗ ತಯಾರಿಸುವವರೊಬ್ಬರ ಜೊತೆ ಲೈಸೆನ್ಸಿನ ಮಾತುಕತೆ ನಡೆಯುತ್ತಿದೆ, ಪೀಸಿಗೆ ಇಷ್ಟು ಎಂಬಲ್ಲಿ ನಿಂತಿದೆ. ಮೆಕ್ಯಾನಿಕ್ ಅಣ್ಣ ಈಗಲೂ ಸ್ಕ್ರೂಡ್ರೈವರ್ ಹಿಡಿದು ಓಡುತ್ತಾರೆ, ಅಕ್ಕ ಈಗಲೂ ಎಂಟೂವರೆಯ ಸಾಲಿನಲ್ಲಿ ನಡೆಯುತ್ತಾರೆ.

ಪೇಟೆಂಟ್ ನಿಯಮಗಳ 2024ರ ತಿದ್ದುಪಡಿಯಲ್ಲಿ ಒಂದು ಹೊಸ ಪತ್ರ ಬಂದಿದೆ, ಆವಿಷ್ಕಾರಕರ ಪ್ರಮಾಣಪತ್ರ. ಜಾರಿಯಲ್ಲಿರುವ ಪೇಟೆಂಟಿನ ಆವಿಷ್ಕಾರಕರು ತಮ್ಮ ಹೆಸರಿಗೆ ಅದನ್ನು ಕೇಳಿ ಪಡೆಯಬಹುದು. ಅಕ್ಕನದು ಬಂದ ಭಾನುವಾರ ಇಬ್ಬರೂ ಬಂದರು. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಮೇಲಿನಿಂದ ಕೆಳಗಿನವರೆಗೆ ಕನ್ನಡದಲ್ಲಿ ಓದಿ ಹೇಳಿದೆ.

“ನನ್ ಹೆಸ್ರು ಯಾವ್ದು ಇದ್ರಲ್ಲಿ?”

ತೋರಿಸಿದೆ. ಅವರು ಸೀಳಿದ ಉಗುರಿನ ಆ ತೋರುಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟು, ಬಟ್ಟೆಯ ಅಂಚು ನೇರವಾಗಿದೆಯೇ ಎಂದು ನೋಡುವವರಂತೆ ನಿಧಾನವಾಗಿ ಕೊನೆಯ ಅಕ್ಷರದವರೆಗೂ ಎಳೆದರು. ಹಾಳೆಯನ್ನು ಮಡಚದೆ ಎರಡೂ ಕೈಯಲ್ಲಿ ಹಿಡಿದು ಎದ್ದರು.

“ಲ್ಯಾಮಿನೇಷನ್ ಎಲ್ಲಿ ಮಾಡ್ತಾರೆ ಮೇಡಂ, ಭಾನುವಾರ ತೆಗ್ದಿರ್ತಾರಾ?”

ಬೇಗೂರು ರಸ್ತೆಯ ತಿರುವಿನಲ್ಲಿ ಒಂದು ಜೆರಾಕ್ಸ್ ಅಂಗಡಿ ತೆರೆದಿರುತ್ತದೆ ಎಂದೆ. ಬೀಗ ಹಾಕಿಕೊಂಡು ನಾನೂ ಅವರ ಜೊತೆ ಮೆಟ್ಟಿಲಿಳಿದೆ.